ಐಎನ್‌ಆರ್ ಇಳಿಯಿತು, ಯಕೃತ್ತು ಚೇತರಿಸಿಕೊಳ್ಳಲಿಲ್ಲ

ಭಾನುವಾರ ಸಂಜೆ ಶುಶ್ರೂಷಕಿಯರ ಅಭ್ಯಾಸಕ್ಕೆಂದು ನಾನು ಕಟ್ಟಿದ, ರೋಗಿಯಂತೆ ವರ್ತಿಸುವ ಐಸಿಯು ತರಬೇತಿ ಬೊಂಬೆ ಸುಳ್ಳು ಹೇಳಿತು. ಹಳದಿ ರಂಜಕದ ಇಲಿ ಪಾಷಾಣ ತಿಂದು ನಾಲ್ಕನೆಯ ದಿನಕ್ಕೆ ಬಂದ ರೋಗಿಯ ಪಾತ್ರ ಅದರದು: ಕಾಮಾಲೆ, ಮಂಪರು, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬ ಅಳತೆ) 7.1. ಅಭ್ಯಾಸಕ್ಕೆ ಬಂದಿದ್ದ ಶುಶ್ರೂಷಕಿ ನಾಲ್ಕು ಚೀಲ ಪ್ಲಾಸ್ಮಾ, ಅಂದರೆ ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ದ್ರವಭಾಗ, ಏರಿಸಿದರು. ಐಎನ್‌ಆರ್ 2.4ಕ್ಕೆ ಇಳಿಯಿತು, ಯಕೃತ್ತು ಕೆಟ್ಟಾಗ ರಕ್ತದಲ್ಲಿ ಏರುವ ಅಮೋನಿಯಾ 180ರಿಂದ 90ಕ್ಕೆ ಬಿತ್ತು, ಯಕೃತ್ತಿನ ಕಸಿ ಕೇಂದ್ರಕ್ಕೆ ಕರೆ ಮಾಡಲು ಸೂಚಿಸುವ ಕೆಂಪು ದೀಪ ಆರಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನನ್ನ ಎದೆ ಧಸಕ್ಕೆಂದಿತು.

 ತಪ್ಪಿದ್ದದ್ದು ಬೊಂಬೆಗೆ ನಾನು ಬರೆದ ಲೆಕ್ಕದಲ್ಲಿ. ಯಕೃತ್ತಿನ ಶಕ್ತಿಗೂ ರಕ್ತದಲ್ಲಿ ಓಡಾಡುವ ಹೆಪ್ಪುಗಟ್ಟಿಸುವ ಅಂಶಗಳಿಗೂ ನಾನು ಒಂದೇ ಸಂಖ್ಯೆ ಇಟ್ಟಿದ್ದೆ. ಹೊರಗಿನಿಂದ ಅಂಶಗಳನ್ನು ಸುರಿದರೆ ಯಕೃತ್ತೇ ವಾಸಿಯಾಗುತ್ತಿತ್ತು!

ಇದು ಸಣ್ಣ ದೋಷವಲ್ಲ. ಯಕೃತ್ತು ಕೆಡಲು ಪ್ಯಾರಾಸಿಟಮಾಲ್ ಕಾರಣವಲ್ಲದಿದ್ದರೆ, ಐಎನ್‌ಆರ್ 6.5 ದಾಟಿದ್ದೊಂದೇ ಕಸಿಯ ಮಾತೆತ್ತಲು ಸಾಕು ಎನ್ನುತ್ತದೆ ಲಂಡನ್ನಿನ ಕಿಂಗ್ಸ್ ಕಾಲೇಜಿನ 1989ರ ಮಾನದಂಡ. ರಕ್ತಸ್ರಾವವಿಲ್ಲದೆ ಪ್ಲಾಸ್ಮಾ ಕೊಟ್ಟರೆ ಆ ಅಳತೆಗೋಲನ್ನೇ ಮುರಿದಂತೆ. ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್‌ಗಳೂ ಜೊತೆಯಲ್ಲೇ ಕುಸಿದಿರುವುದರಿಂದ, ಐಎನ್‌ಆರ್ ಹೆದರಿಸುವಷ್ಟು ರಕ್ತ ಸೋರುವುದೂ ಇಲ್ಲ.

ಎರಡು ರಾತ್ರಿ ಕುಳಿತು ಸಂಖ್ಯೆಯನ್ನು ಎರಡಾಗಿ ಒಡೆದೆ. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಏಳನೆಯದರ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಹೊತ್ತು) ಸುಮಾರು 5 ಗಂಟೆ. ಹಾಗಾಗಿ ಇಳಿದ ಐಎನ್‌ಆರ್ ಈಗ ಮತ್ತೆ ಏರುತ್ತದೆ. ಅಮೋನಿಯಾ ಪ್ಲಾಸ್ಮಾಕ್ಕೆ ಜಗ್ಗುವುದಿಲ್ಲ, ನಿರಂತರ ಡಯಾಲಿಸಿಸ್‌ಗೆ ಮಾತ್ರ ಬಗ್ಗುತ್ತದೆ. ದೀಪ ಪ್ಲಾಸ್ಮಾಕ್ಕೆ ಮೊದಲಿನ ಐಎನ್‌ಆರ್ ಅನ್ನೇ ನೆನಪಿಟ್ಟುಕೊಳ್ಳುತ್ತದೆ.

ಬೊಂಬೆಯ ಕಣ್ಣಿನ ಪಾಪೆಗಳದ್ದು ಬೇರೆ ಗೋಳು. ಅವನ್ನು ಹಿಗ್ಗಿಸಲು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯೊಂದು ಜೋಡಿ ಎಂದು ಕೊಟ್ಟ ಮೋಟಾರುಗಳ ವೇಗ ಒಂದೇ ಅಲ್ಲ. ಒಂದು ಪಾಪೆ ಮೊದಲೇ ಹಿಗ್ಗಿ, ಮಿದುಳು ಬಾತು ಕೆಳಕ್ಕೆ ಜಾರಿದ ಲಕ್ಷಣ ತೋರಿಸಿತು; ಅಭ್ಯಾಸಕ್ಕೆ ಬಂದಿದ್ದ ಹುಡುಗಿಯರು ಆ ಬಾವು ಇಳಿಸುವ ಶೇ 3ರ ಸಲೈನ್‌ಗೆ (ಉಪ್ಪುನೀರಿನ ದ್ರಾವಣ) ಓಡಿದರು. ಓಡಿದ್ದು ಸರಿಯೇ, ಓಡಿಸಿದ್ದು ಕೆಟ್ಟ ಮೋಟಾರು. ವಾಪಸು ತೆಗೆದುಕೊಳ್ಳಲು ಅಂಗಡಿಯವರು ಒಪ್ಪಲಿಲ್ಲ.

ಈ ನಡುವೆ ಕೊಳಕುಮಂಡಲ ಕಡಿತದ ಬೊಂಬೆಯೂ ತಲೆ ಹೊಕ್ಕಿದೆ: ಗಾಜಿನ ನಳಿಕೆಯ ರಕ್ತ 20 ನಿಮಿಷವಾದರೂ ಹೆಪ್ಪುಗಟ್ಟದಿರುವುದನ್ನು ತೋರಿಸಬೇಕು. ಹೆಪ್ಪುಗಟ್ಟದ ರಕ್ತಕ್ಕೆ ಬಣ್ಣದ ನೀರು ಒಂದರಲ್ಲಿ, ಹೆಪ್ಪುಗಟ್ಟಿದ್ದಕ್ಕೆ ಅಗರ್ ಎಂಬ ಗಟ್ಟಿಯಾಗುವ ಲೋಳೆ ಇನ್ನೊಂದರಲ್ಲಿ ಎಂದುಕೊಂಡಿದ್ದೇನೆ.

ನಿನ್ನೆ ಅದೇ ಶುಶ್ರೂಷಕಿ ಮತ್ತೆ ಪ್ಲಾಸ್ಮಾ ಏರಿಸಿದರು. ಐಎನ್‌ಆರ್ ಇಳಿಯಿತು, ಸಕ್ಕರೆ 48ಕ್ಕೆ ಕುಸಿಯಿತು, ಅಮೋನಿಯಾ ಏರುತ್ತಲೇ ಹೋಯಿತು. ಗ್ಲೂಕೋಸ್ ಕೊಟ್ಟು, ಕೆಂಪು ದೀಪದತ್ತ ನೋಡಿ, ಫೋನ್ ಎತ್ತಿಕೊಂಡರು. ಇನ್ನು ರೋಗಿಯ ಪ್ಲಾಸ್ಮಾ ತೆಗೆದು ಬೇರೆಯದನ್ನು ಕೊಡುವ ಪ್ಲಾಸ್ಮಾ ವಿನಿಮಯವನ್ನು ಬೊಂಬೆಯ ಲೆಕ್ಕಕ್ಕೆ ಬರೆಯಬೇಕು. ಅಲ್ಲಿ ಕೊಡುವುದರ ಜೊತೆಗೆ ತೆಗೆಯುವ ಲೆಕ್ಕವೂ ಇದೆ.