ಗೂಬೆ ನಾಣ್ಯ

ಹೋದ ಸಲ ಮಂಡ್ಯಕ್ಕೆ ಬಂದಾಗ ಜೇಬಿನಲ್ಲಿ ಉಳಿದಿದ್ದ ಒಂದು ಯೂರೋ ನಾಣ್ಯವನ್ನು ಅಮ್ಮನ ಕೈಗೆ ಕೊಟ್ಟೆ. ಮಗ ದುಡಿಯೋ ದೇಶದ ದುಡ್ಡು ಅಂತ ದೇವರ ಗೂಡಿನಲ್ಲಿ ಇಡೋಕೆ ಹೋದವರು ತಿರುಗಿಸಿ ನೋಡಿ ಹಾಗೇ ವಾಪಸ್ ತಂದರು. "ಇದ್ರ ಮೇಲೆ ಗೂಬೆ ಐತಲ್ಲೋ, ಆಚೆ ಮಡುಗು!"

ನಾನಿರೋದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ಆ ನಾಣ್ಯ ಮಾತ್ರ ಗ್ರೀಸ್‌ನದು. ಯೂರೋ ನಾಣ್ಯದ ಒಂದು ಮುಖ ಎಲ್ಲ ಕಡೆ ಒಂದೇ, ಇನ್ನೊಂದು ಆಯಾ ದೇಶದ್ದು. ಬೇಕರಿಯಲ್ಲಿ ಬನ್ನು ತಗೊಂಡರೆ ಚಿಲ್ಲರೆಯಲ್ಲಿ ಯಾವ ದೇಶದ್ದು ಬೇಕಾದರೂ ಬರುತ್ತದೆ, ಯಾರೂ ತಿರುಗಿಸಿ ನೋಡುವುದಿಲ್ಲ.

2010ರಲ್ಲಿ ಮಾತ್ರ ನೋಡಿದರು. ಗ್ರೀಸ್ ಸಾಲದಲ್ಲಿ ಮುಳುಗಿತ್ತು, ಕೊರತೆಯ ಲೆಕ್ಕ ಮುಚ್ಚಿಟ್ಟಿದ್ದೂ ಹೊರಗೆ ಬಂದಿತ್ತು, ಎಲ್ಲರೂ ಸೇರಿ ಅದರ ತಲೆ ಮೇಲೆ ಗೂಬೆ ಕೂರಿಸಿದರು. ಅವರ ತಪ್ಪು ಇರಲಿಲ್ಲ ಅನ್ನೋದಿಲ್ಲ, ಆದರೆ ಸಾಲ ಕೊಟ್ಟವರಲ್ಲಿ ಜರ್ಮನಿ, ಫ್ರಾನ್ಸ್ ಬ್ಯಾಂಕುಗಳೂ ಇದ್ದವು ಅಲ್ವಾ? ಯೂರೋಗೆ ಮುಂಚೆ ಗ್ರೀಸ್‌ನದೇ ದುಡ್ಡಾಗಿದ್ದ ದ್ರಾಕ್ಮಾ ಇದ್ದಿದ್ದರೆ ಅದರ ಬೆಲೆ ಇಳಿಸಿ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಯೂರೋದಲ್ಲಿ ಅದಾಗದು. ಬಡ್ಡಿ ದರ ನಿರ್ಧಾರವಾಗೋದು ನಮ್ಮೂರಿನ, ಅಂದರೆ ಫ್ರಾಂಕ್‌ಫರ್ಟ್‌ನ, ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನಲ್ಲಿ, ಎಲ್ಲರಿಗೂ ಒಂದೇ. ಕೊನೆಗೆ ಇಳಿದದ್ದು ಜನರ ಸಂಬಳ, ಪಿಂಚಣಿ. 2015ರಲ್ಲಿ ಅಲ್ಲಿನ ಬ್ಯಾಂಕುಗಳ ಬಾಗಿಲು ಮುಚ್ಚಿ, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಅಂತ ಮಿತಿ ಹಾಕಿದ್ದರು.

ಅಪ್ಪ ಇದನ್ನೆಲ್ಲ ಕೇಳಿ, "ನಮ್ಗೂ ಬೆಂಗ್ಳೂರ್ಗೂ ಒಂದೇ ರೂಪಾಯಿ ಅಲ್ವೇನ್ಲಾ, ನಾವೇನ್ ಮುಳುಗೋದ್ವಾ?" ಅಂದರು.

ಸರಿಯಾದ ಪ್ರಶ್ನೆ. ಕನ್ನಂಬಾಡಿ ಕಟ್ಟೆ ತುಂಬದ ವರ್ಷ ನಾಲೆಗೆ ನೀರಿಲ್ಲ, ಕಬ್ಬು ಒಣಗುತ್ತದೆ, ಹುಡುಗರು ಬೆಂಗಳೂರಿನ ರೈಲು ಹತ್ತುತ್ತಾರೆ, ಮನೆಗೆ ರೇಷನ್ ಅಕ್ಕಿ ತಪ್ಪುವುದಿಲ್ಲ, ಬೆಂಗಳೂರಿನ ತೆರಿಗೆಯಲ್ಲಿ ನಮಗೂ ಪಾಲು ಬರುತ್ತದೆ, ಅದನ್ನು ಯಾರೂ ಸಾಲ ಅಂತ ಬರೆದಿಡುವುದಿಲ್ಲ. (ತೆರಿಗೆ ಪಾಲಿನ ಜಗಳ ನಮ್ಮಲ್ಲೂ ಇದೆ, ಅದು ಬೇರೆ ಮಾತು.) ಯೂರೋ ದೇಶಗಳಲ್ಲಿ ದುಡ್ಡು ಒಂದೇ, ಖಜಾನೆ ಬೇರೆ ಬೇರೆ. ಅಥೆನ್ಸ್‌ನ ಹುಡುಗ ಜರ್ಮನಿಗೆ ಕೆಲಸ ಹುಡುಕಿ ಬಂದರೆ ಮೊದಲು ಜರ್ಮನ್ ಕಲಿಯಬೇಕು, ನನ್ನ ಹಾಗೇ. ಕೊರೋನಾ ಬಂದಾಗ, 2020ರಲ್ಲಿ, ಯುರೋಪಿಯನ್ ಒಕ್ಕೂಟ 75,000 ಕೋಟಿ ಯೂರೋವರೆಗೆ ಒಟ್ಟಿಗೇ ಸಾಲ ತರಲು ಒಪ್ಪಿತು. ಇದೊಂದೇ ಸಲ ಅಂತ ಹೇಳಿಯೇ ಒಪ್ಪಿದ್ದು. ಅದು ರೂಢಿ ಆಗುವ ತನಕ ಇನ್ನೊಂದು ಗ್ರೀಸ್ ಆಗದು ಅಂತ ನನಗೆ ಧೈರ್ಯವಿಲ್ಲ.

ಹಾಗಂತ ಯೂರೋ ಕೂಟ ಒಡೆದುಹೋಗುತ್ತದೆ ಅಂತಲೂ ಅನಿಸುವುದಿಲ್ಲ. ಸ್ವೀಡನ್ ಜನ 2003ರಲ್ಲಿ ಬೇಡ ಅಂದರು ನಿಜ, ಆದರೆ 2026ರ ಜನವರಿಯಲ್ಲಿ ಬಲ್ಗೇರಿಯಾ ಸೇರಿ ಯೂರೋ ದೇಶಗಳ ಲೆಕ್ಕ 21 ಆಯಿತು.

ಅಮ್ಮ ಮೊನ್ನೆ ಫೋನಿನಲ್ಲಿ, ಮುಂದಿನ ಸಲ ಬೇರೆ ಕಾಸು ತಾ ಅಂದಿದ್ದಾರೆ. ಜರ್ಮನಿಯದರ ಮೇಲಿರೋದು ಹದ್ದು. ಗರುಡ ಅಂತ ಹೇಳಿ ಕೊಟ್ಟುಬಿಡುತ್ತೇನೆ.