ಬೀದರಿನ ಕಲಾ ಓದುಬಳಗ: ಇದುವರೆಗಿನ ಓದು

ನಮ್ಮ ಸಮುದಾಯ ವಸ್ತುಸಂಗ್ರಹಾಲಯದ ಕಲಾ ಓದುಬಳಗವು ಈ ವರ್ಷ ಗುಲಾಂ ಯಜ್ದಾನಿಯವರ ಬೀದರ್ ಕುರಿತ ಇಂಗ್ಲಿಷ್ ಗ್ರಂಥವನ್ನು ಕೈಗೆತ್ತಿಕೊಂಡಿದೆ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಅವರ ಈ ಕೃತಿ 1947ರಲ್ಲಿ ಪ್ರಕಟವಾಯಿತು. ದೊಡ್ಡ ಗ್ರಂಥವಾದ್ದರಿಂದ ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದದೆ, ಒಂದು ಕೂಟಕ್ಕೆ ಒಂದು ಕಟ್ಟಡ ಎಂದು ಗೊತ್ತುಮಾಡಿಕೊಂಡಿದ್ದೇವೆ. ಇಂಗ್ಲಿಷ್ ಬಲ್ಲವರು ಒಂದೊಂದು ಪರಿಚ್ಛೇದ ಓದಿ ಕನ್ನಡದಲ್ಲಿ ವಿವರಿಸುತ್ತಾರೆ. ಶಾಸನ, ಹೆಸರುಗಳ ವಿಷಯ ಬಂದಾಗ ಉರ್ದು, ಫಾರ್ಸಿ ಬಲ್ಲ ಹಿರಿಯರು ನೆರವಿಗೆ ಬರುತ್ತಾರೆ. ಓದು ಮುಗಿದ ಮೇಲೆ ಎಲ್ಲರೂ ಆ ಕಟ್ಟಡಕ್ಕೇ ಹೋಗಿ ನೋಡುತ್ತೇವೆ.

1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಭಾಗ ಬೇಗನೆ ಮುಗಿಯಿತು. ಉಳಿದಿರುವ ಮಿನಾರಿನ ಬಣ್ಣದ ಹೆಂಚುಗಳನ್ನು ಬಳಗದ ಬಹುತೇಕರು ಬಾಲ್ಯದಿಂದಲೂ ಕಂಡವರೇ.

ಕೋಟೆಯೊಳಗಿನ ರಂಗೀನ್ ಮಹಲ್ ಮಾತ್ರ ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟಿತು. ಬರೀದಶಾಹಿ ದೊರೆ ಅಲಿ ಬರೀದನ ಕಾಲದ ಈ ಮಹಲಿನಲ್ಲಿ ಕೆತ್ತಿದ ಮರದ ಕಂಬಗಳಿವೆ. ಒಳಕೋಣೆಯ ಬಾಗಿಲ ಸುತ್ತ ಕಪ್ಪು ಕಲ್ಲಿನಲ್ಲಿ ಗೆರೆ ತೋಡಿ, ಅದರೊಳಗೆ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಕಪ್ಪು ನೆಲದ ಮೇಲೆ ಬಿಳಿಯ ಹೊಳಪು ಕಂಡೊಡನೆ ಎಲ್ಲರ ಬಾಯಲ್ಲೂ ಬಂದದ್ದು ಬಿದ್ರಿಯ, ಅಂದರೆ ಕಪ್ಪು ಲೋಹದ ಪಾತ್ರೆಗಳಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಲೆಯ, ಹೆಸರೇ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ತೀರ್ಮಾನಿಸಲಿಲ್ಲ. ಎರಡನ್ನೂ ಮೆಚ್ಚಿದ ಕಣ್ಣು ಒಂದೇ ಊರಿನದು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಆದ್ದರಿಂದ ಮುಂದಿನ ಕೂಟವನ್ನು ಪೂರ್ತಿ ಬಿದ್ರಿಗೇ ಬಿಟ್ಟುಕೊಟ್ಟೆವು. ಬಿದ್ರಿ ಕುಶಲಕರ್ಮಿಯೊಬ್ಬರು ತಮ್ಮ ಉಳಿ, ಸುತ್ತಿಗೆಗಳೊಂದಿಗೆ ಬಂದು ಕುಳಿತರು. ಹೆಚ್ಚಿನ ಪಾಲು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗೆ ಮೊದಲೇ ಮೈಲುತುತ್ತದ ದ್ರಾವಣ ಸವರಿ ತಂದಿದ್ದರು; ಹಾಗೆ ತಾತ್ಕಾಲಿಕವಾಗಿ ಕಪ್ಪಾದ ಮೈಮೇಲೆ ಉಳಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಗೆರೆಯೊಳಗೆ ಇಟ್ಟು ಮೆಲ್ಲಗೆ ತಟ್ಟುತ್ತ ಹೋದರು. ಇದಕ್ಕೆ ತಾರಕಷಿ ಎನ್ನುತ್ತಾರೆ. ಕೊನೆಯ ಹಂತದಲ್ಲಿ ಹಳೆಯ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದಾಗ ಸತುವಿನ ಭಾಗ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂಬುದನ್ನು ನಾಲಿಗೆಗೆ ತಾಗಿಸಿ ಪರೀಕ್ಷಿಸುತ್ತಾರೆಂದು ಕೇಳಿದ ಮಕ್ಕಳು ಅವರನ್ನು ಎದ್ದು ಹೋಗಲು ಬಿಡಲಿಲ್ಲ. ಗ್ರಂಥದ ಎಷ್ಟೋ ಪುಟಗಳಿಗಿಂತ ಈ ಒಂದು ಮಧ್ಯಾಹ್ನ ನಮಗೆ ಹೆಚ್ಚು ಕಲಿಸಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇನ್ನು ಮುಂದೆ ಸಾಧ್ಯವಾದಾಗಲೆಲ್ಲ ಕೆಲಸ ಬಲ್ಲ ಒಬ್ಬರನ್ನು ಓದಿಗೆ ಕರೆಯಬೇಕೆಂದು ಬಳಗ ಒಪ್ಪಿದೆ.

ಈಗ ಬೀದರಿನ ಹತ್ತಿರದ ಅಷ್ಟೂರಿನ ಗುಂಬಜ್‌ಗಳ ಭಾಗ ಆರಂಭವಾಗಿದೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿಯ ಒಳಗೋಡೆ, ಛಾವಣಿಗಳ ವರ್ಣಚಿತ್ರ ಮತ್ತು ಅಕ್ಷರಾಲಂಕಾರವನ್ನು ಕುರಿತ ಪುಟಗಳ ಕನ್ನಡ ಸಾರಾಂಶ ಸಿದ್ಧವಾಗುತ್ತಿದೆ. ಒಳಗೆ ಬೆಳಕು ಕಡಿಮೆಯಿರುವುದರಿಂದ ಬಿಸಿಲೇರಿದ ಹೊತ್ತಿನಲ್ಲೇ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಅದು ಮುಗಿದ ಬಳಿಕ ಕಲಬುರಗಿಯ ವರ್ಣಚಿತ್ರಕಾರ ಎಸ್. ಎಂ. ಪಂಡಿತರ (1916–1993) ಕುರಿತ ಬರಹಗಳ ಓದು. ಅವರು ಬರೆದ ದೇವರ ಚಿತ್ರಗಳಿರುವ ಹಳೆಯ ಕ್ಯಾಲೆಂಡರ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ಕೂಟಕ್ಕೆ ತರಬೇಕೆಂದು ಸದಸ್ಯರನ್ನು ಈಗಲೇ ಕೇಳಿಕೊಂಡಿದ್ದೇವೆ.