ಧನುಷ್ಕೋಡಿಯಲ್ಲಿ ರೈಲು ಕೊಚ್ಚಿಹೋದದ್ದು ಎಲ್ಲಿ?

ರಾಮೇಶ್ವರಕ್ಕೆ ಹೊರಟ ಬೆಂಗಳೂರಿನವರು ತಪ್ಪದೆ ಕೇಳುತ್ತಾರೆ: “1964ರಲ್ಲಿ ಸಮುದ್ರ ನುಂಗಿದ ರೈಲಿನ ಜಾಗ ಯಾವುದು? ಹಳೇ ದಾರಿಯ ಗುರುತು ಏನಾದರೂ ಉಳಿದಿದೆಯಾ?”

ಉಳಿದಿದೆ. ಆದರೆ ರಾಮೇಶ್ವರದಿಂದ ಹುಡುಕಲು ಶುರು ಮಾಡಿದರೆ ದಾರಿ ತಪ್ಪಿದಂತೆಯೇ. ಆ ಮೀಟರ್ ಗೇಜ್ ಮಾರ್ಗ ಕವಲಾಗುತ್ತಿದ್ದದ್ದು ರಾಮೇಶ್ವರ ದ್ವೀಪದ ಪಶ್ಚಿಮ ತುದಿಯ ಪಾಂಬನ್ ನಿಲ್ದಾಣದಲ್ಲಿ. ಒಂದು ಕವಲು ಸುಮಾರು 10 ಕಿ.ಮೀ. ದೂರದ ರಾಮೇಶ್ವರಕ್ಕೆ, ಇನ್ನೊಂದು ಆಗ್ನೇಯಕ್ಕೆ ಸುಮಾರು 24 ಕಿ.ಮೀ. ದೂರದ ಧನುಷ್ಕೋಡಿಗೆ. ಸಿಲೋನಿಗೆ (ಈಗಿನ ಶ್ರೀಲಂಕಾ) ಹೋಗುವವರು ಧನುಷ್ಕೋಡಿಯಲ್ಲಿ ಇಳಿದು ತಲೈಮನ್ನಾರಿನ ಹಡಗು ಹತ್ತುತ್ತಿದ್ದರು.

ಮೊದಲು ಉಪಗ್ರಹ ಚಿತ್ರದಲ್ಲಿ ಪಾಂಬನ್ ತೆರೆದು ಆಗ್ನೇಯಕ್ಕೆ ಸರಿಯಿರಿ. ರೈಲಿನ ತಿರುವು ಉದ್ದಕ್ಕೆ, ನಯವಾಗಿ ಬಾಗುತ್ತದೆ. ರಸ್ತೆಯ ಹಾಗೆ ಥಟ್ಟನೆ ಹೊರಳುವುದಿಲ್ಲ. ಅಂದಾಜು ಸಿಗದಿದ್ದರೆ ಯಶವಂತಪುರ–ಯಲಹಂಕ ಹಳಿಯನ್ನೂ ಅಕ್ಕಪಕ್ಕದ ರಸ್ತೆಗಳನ್ನೂ ನೋಡಿ ಕಣ್ಣು ಪಳಗಿಸಿಕೊಳ್ಳಿ. ಮರಳಿನ ಪಟ್ಟಿಗೆ ಬಂದ ಮೇಲೆ ಚಿತ್ರ ನಂಬಬೇಡಿ: ಗಾಳಿ, ಅಲೆ ಎರಡೂ ಹಳಿಯ ಏರಿಯನ್ನು ಅಳಿಸಿವೆ, ಈಗಿನ ಟಾರು ರಸ್ತೆಯೂ ಅದೇ ಇಕ್ಕಟ್ಟಿನಲ್ಲಿ ನುಗ್ಗಿದೆ. ಅಲ್ಲಿ ಜಲ್ಲಿ ಹುಡುಕಬೇಕು. ಅಪ್ಪಟ ಮರಳಿನಲ್ಲಿ ಮೂಲೆ ಮೊನಚಾದ ಕರಿಗಲ್ಲಿನ ಚೂರುಗಳು ಒಂದೇ ಸಾಲಿನಲ್ಲಿ ಸಿಕ್ಕರೆ ಅವು ಹಳಿಗಾಗಿ ಹೊರಗಿನಿಂದ ತಂದವೇ. ಚದುರಿದ ಒಂದೆರಡು ಕಲ್ಲು ಲೆಕ್ಕಕ್ಕಿಲ್ಲ, ರಸ್ತೆ ಕೆಲಸದವೂ ಇರಬಹುದು. ತುಕ್ಕು ಹಿಡಿದ ಬೋಲ್ಟು ಕಂಡರೆ ಫೋಟೊ ತೆಗೆದು ಅಲ್ಲೇ ಬಿಡಿ. ರೈಲ್ವೆ ಸ್ವತ್ತು ಇಟ್ಟುಕೊಂಡರೆ 1966ರ ಕಾಯ್ದೆಯಡಿ ಕೇಸು.

ಇನ್ನು ಅಪಘಾತದ ಜಾಗ. 1964ರ ಡಿಸೆಂಬರ್ 22, ಚಂಡಮಾರುತದ ರಾತ್ರಿ. 11:55ಕ್ಕೆ 653ನೇ ಪ್ಯಾಸೆಂಜರ್ ಪಾಂಬನ್ ಬಿಟ್ಟಿತು. 110 ಪ್ರಯಾಣಿಕರು, 5 ಸಿಬ್ಬಂದಿ. ಸಿಗ್ನಲ್ ಸಿಗದೆ ಕಾದ ಚಾಲಕ ಉದ್ದಕ್ಕೆ ಸೀಟಿ ಹೊಡೆದು ಗಾಡಿ ಮುಂದಕ್ಕೆ ಬಿಟ್ಟ ಎನ್ನುತ್ತಾರೆ. ಧನುಷ್ಕೋಡಿ ಇನ್ನು ಕೆಲವೇ ನೂರು ಗಜ ಇದೆ ಎನ್ನುವಾಗ ಅಲೆ ಬಡಿಯಿತು. ಯಾರೂ ಉಳಿಯಲಿಲ್ಲ.

ಗಾಡಿ ಬರುತ್ತಿದ್ದದ್ದು ಪಶ್ಚಿಮದಿಂದ. ಹಾಗಾಗಿ ಪಾಳುಬಿದ್ದ ನಿಲ್ದಾಣಕ್ಕೆ ಬೆನ್ನು ಹಾಕಿ ಪಾಂಬನ್ ಕಡೆಗೆ ನಡೆಯಬೇಕು. ಜನ ಮಾಡುವುದು ಇದರ ತದ್ವಿರುದ್ಧ: ಇನ್ನೂ ನಾಲ್ಕೈದು ಕಿ.ಮೀ. ಪೂರ್ವಕ್ಕೆ, ಅರಿಚಲ್ ಮುನೈ ತುದಿಗೆ ಹೋಗಿ ಸಮುದ್ರ ತೋರಿಸಿ “ಇಲ್ಲೇ” ಎನ್ನುತ್ತಾರೆ. ರೈಲು ಅಲ್ಲಿಗೆ ತಲುಪಲೇ ಇಲ್ಲ! ನೀರಿನ ಟ್ಯಾಂಕಿನ ಗೋಡೆಗಳೂ ಊರಿನ ಅವಶೇಷ, ಅಪಘಾತದ್ದಲ್ಲ.

ಅದೇ ಚಂಡಮಾರುತಕ್ಕೆ ಹಾಳಾದ ಪಾಂಬನ್ ರೈಲು ಸೇತುವೆಯನ್ನು ಎಂಜಿನಿಯರ್ ಇ. ಶ್ರೀಧರನ್ ತಂಡ 46 ದಿನದಲ್ಲಿ ರಿಪೇರಿ ಮಾಡಿತು. ಧನುಷ್ಕೋಡಿಯ ಕವಲನ್ನು ಮಾತ್ರ ಮತ್ತೆ ಹಾಕಲಿಲ್ಲ. ಬೆಳಿಗ್ಗೆಯೇ ಹೋಗಿ, ಸಂಜೆಯಾಗುತ್ತಲೇ ಪೊಲೀಸರು ಎಲ್ಲರನ್ನೂ ವಾಪಸ್ ಕಳಿಸುತ್ತಾರೆ.